ಮೊದಲ ಕಂಪ್ಯೂಟರ್ ನಾವೇ ಜೋಡಿಸುವುದಾದರೆ...

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದ್ದು. ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಆಸೆಯಿದೆ, ಕೈಯಲ್ಲಿರುವ ಹಣಕ್ಕೆ ಮಿತಿಯಿದೆ, ಯಾವುದಕ್ಕೆ ಎಷ್ಟು ಹಾಕುವುದು? ಒಂದೇ ಬಗೆಯ ಪತ್ರಗಳನ್ನು ಒಟ್ಟು ಮಾಡಿ, ಹೆಸರು ಬಿಟ್ಟು ಊರು ಮಾತ್ರ ಉಳಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗನಿಗೆ ಸುಳ್ಯದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ನಾನೇ ಜೋಡಿಸುತ್ತೇನೆ ಅಂತ ಅವನ ಹಟ. ಅಡಿಕೆ ಮಾರಿದ ಹಣದಲ್ಲಿ 45 ಸಾವಿರದವರೆಗೆ ಕೊಡಬಹುದು. ಇದರಲ್ಲಿ ಆಗುತ್ತದೆಯೇ? ಹುಡುಗನ ಮಾತು ನಂಬಬಹುದೇ?
– ಕೃಷಿಕರು, ಬೆಳ್ಳಾರೆ

ಉತ್ತರ: ನಂಬಬಹುದು. ಆದರೆ ಮೊದಲು ಒಂದು ಮಾತು ವಿಚಾರಿಸಿ: ಲ್ಯಾಬಿಗೆ ಸ್ವಂತ ಲ್ಯಾಪ್‌ಟಾಪ್ ತರಬೇಕು ಎಂಬ ನಿಯಮ ಕಾಲೇಜಿನಲ್ಲಿ ಇದೆಯೇ? ಇದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಇಲ್ಲವಾದರೆ, ದಿನಾ ಸಂಜೆ ಮನೆ ಸೇರುವ ಹುಡುಗನಿಗೆ ಮೇಜಿನ ಮೇಲಿನ ಕಂಪ್ಯೂಟರೇ ಲಾಭ. ಅದೇ ದುಡ್ಡಿಗೆ ಹೆಚ್ಚು ಕೆಲಸ ಮಾಡುತ್ತದೆ, ದೊಡ್ಡ ಪರದೆ ಸಿಗುತ್ತದೆ. ಯಾವುದಾದರೂ ಒಂದು ಭಾಗ ಕೆಟ್ಟರೆ ಅದನ್ನು ಮಾತ್ರ ಬದಲಾಯಿಸಿದರೆ ಸಾಕು.

ಹಣ ಹಂಚಲು ಒಂದೇ ಸೂತ್ರ ನೆನಪಿರಲಿ. ಆಮೇಲೆ ಬದಲಾಯಿಸಲು ಕಷ್ಟವಾಗುವುದನ್ನು ಈಗಲೇ ಒಳ್ಳೆಯದು ಕೊಳ್ಳಿ. ಆಮೇಲೆ ಸುಲಭವಾಗಿ ಸೇರಿಸಬಹುದಾದದ್ದನ್ನು ಈಗ ಕಡಿಮೆಯಲ್ಲಿ ಮುಗಿಸಿ. ಮದರ್‌ಬೋರ್ಡ್, ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಪೆಟ್ಟಿಗೆ), ಮಾನಿಟರ್ ಮೊದಲ ಗುಂಪಿಗೆ ಸೇರಿದವು. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಎರಡನೆಯ ಗುಂಪಿನವು. ಅಂಗಡಿಗಳಲ್ಲಿ ನಡೆಯುವುದು ಇದರ ತದ್ವಿರುದ್ಧ: ಪ್ರೊಸೆಸರ್ ಹೆಸರಿಗೆ, ಬಣ್ಣದ ಲೈಟಿರುವ ಕ್ಯಾಬಿನೆಟ್ಟಿಗೆ ದುಡ್ಡು ಖರ್ಚಾಗಿ, ಕೊನೆಗೆ ಎಸ್‌ಎಂಪಿಎಸ್‌ಗೆ ಉಳಿದ ಚಿಲ್ಲರೆ.

ಬಿಡಿಭಾಗಗಳ ಬೆಲೆ ಈಗ ಒಂದೇ ಕಡೆ ನಿಲ್ಲುತ್ತಿಲ್ಲವಾದ್ದರಿಂದ ನೂರು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತೇನೆ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 40, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಸೇರಿ 25, ಮಾನಿಟರ್ 15, ಎಸ್‌ಎಂಪಿಎಸ್ ಮತ್ತು ಯುಪಿಎಸ್ ಸೇರಿ 13, ಕ್ಯಾಬಿನೆಟ್, ಕೀಬೋರ್ಡ್, ಮೌಸ್ ಎಲ್ಲ ಸೇರಿ 7. ನಿಮ್ಮ 45 ಸಾವಿರದಲ್ಲಿ ಮೊದಲ ಪಾಲು 18 ಸಾವಿರ, ಕರೆಂಟಿನ ಪಾಲು ಸುಮಾರು 6 ಸಾವಿರ ಆಯಿತು. ಈ 6 ಸಾವಿರಕ್ಕೆ ಯಾರು ಏನೇ ಹೇಳಿದರೂ ಕೈ ಹಾಕಬೇಡಿ. ಯಾಕೆಂದು ಗುತ್ತಿಗಾರಿನ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಪ್ರೊಸೆಸರ್‌ನಲ್ಲಿ ಎರಡು ದಾರಿಗಳಿವೆ. ಒಂದು, ಎಎಂಡಿಯ ರೈಜನ್ 5 5600ಜಿ. 2021ರದ್ದು, ಆರು ಕೋರ್, ಒಳಗೇ ಸಾಧಾರಣ ಒಳ್ಳೆಯ ಗ್ರಾಫಿಕ್ಸ್ ಇದೆ, 65 ವ್ಯಾಟ್. ಇನ್ನೊಂದು, ಇಂಟೆಲ್‌ನ ಕೋರ್ ಐ3-12100. 2022ರದ್ದು, ನಾಲ್ಕೇ ಕೋರ್, ಆದರೆ ಚುರುಕು. ಮೊದಲನೆಯದು ಹೋಗುವ ಎಎಂ4 ಬೋರ್ಡಿಗೆ ಮುಂದೆ ಹೆಚ್ಚಿನ ಬಾಳಿಲ್ಲ. ಆದರೂ ನಾಲ್ಕು ವರ್ಷದ ಓದಿಗೆ ಧಾರಾಳ ಸಾಕು. ಎರಡನೆಯದು ಹೋಗುವ ಎಚ್610 ಬೋರ್ಡಿಗೆ ಎರಡು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ಐ5-12400 ಹಾಕಿಕೊಳ್ಳಬಹುದು. ಮಗನಿಗೆ ಆಟದ ಹುಚ್ಚಿದ್ದರೆ ಮೊದಲನೆಯದು, ಮುಂದೆ ಬೆಳೆಸುವ ಯೋಚನೆಯಿದ್ದರೆ ಎರಡನೆಯದು.

ಒಂದು ಎಚ್ಚರಿಕೆ. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ, ಉದಾಹರಣೆಗೆ 12100ಎಫ್, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಚಿತ್ರವೇ ಬಾರದು. ಸ್ವಲ್ಪ ಅಗ್ಗವೆಂದು ಅದನ್ನು ತಂದು, ಕಂಪ್ಯೂಟರ್ ಹಾಳಾಗಿದೆಯೆಂದು ಕಂಗಾಲಾದವರು ತುಂಬ ಮಂದಿ.

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿ. ಇಂಟರ್‌ನೆಟ್‌ನಲ್ಲಿ ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೊಸ ಕಂಪ್ಯೂಟರ್’ ಎಂದು 14 ಸಾವಿರಕ್ಕೆ ಮಾರುತ್ತಿದ್ದಾರೆ. ಹಾಗಿರುವಾಗ ನಾವು ಜೋಡಿಸಲು 40 ಸಾವಿರ ಯಾಕೆ ಹಾಕಬೇಕು ಸರ್?
– ವಿದ್ಯಾರ್ಥಿ, ಪುತ್ತೂರು

ಉತ್ತರ: ‘ಐ5’ ಎಂಬುದು ವರ್ಗದ ಹೆಸರಷ್ಟೇ, ವಯಸ್ಸಲ್ಲ. ವಯಸ್ಸು ತಿಳಿಯಬೇಕಾದರೆ ಅದರ ಮುಂದಿನ ಅಂಕೆ ನೋಡಬೇಕು. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಐ5-3470 ಎಂದಿದ್ದರೆ ಮೊದಲ ಅಂಕೆ 3, ಅಂದರೆ ಮೂರನೇ ತಲೆಮಾರು, 2012ರದ್ದು. ಐ5-8500 ಆದರೆ ಎಂಟನೇ ತಲೆಮಾರು, 2018. ಐದು ಅಂಕೆಯಿದ್ದರೆ ಮೊದಲ ಎರಡನ್ನು ಓದಿ: 12400 ಎಂದರೆ ಹನ್ನೆರಡನೆಯದು. ನಾಲ್ಕು ಕೋರ್‌ನ ಇಂದಿನ ಐ3-12100 ಆ ಹಳೆಯ ಐ5 ಅನ್ನು ಲೀಲಾಜಾಲವಾಗಿ ಹಿಂದೆ ಹಾಕುತ್ತದೆ.

ಈ 14 ಸಾವಿರದ ಪೆಟ್ಟಿಗೆಯಲ್ಲಿ ‘ಹೊಸತು’ ಎನ್ನುವುದು ಸಾಮಾನ್ಯವಾಗಿ ಕ್ಯಾಬಿನೆಟ್ ಮತ್ತು ಎಚ್61 ಎಂಬ ಬೋರ್ಡ್ ಮಾತ್ರ. ಎಚ್61 ಚಿಪ್‌ಸೆಟ್ 2011ರದ್ದು. ಅದರ ಬೋರ್ಡುಗಳನ್ನು ಈಗಲೂ ಅಗ್ಗದಲ್ಲಿ ತಯಾರಿಸಿ ಮಾರುತ್ತಾರೆ. ಪ್ರೊಸೆಸರ್ ಯಾವುದೋ ಕಚೇರಿಯ ಹಳೆ ಕಂಪ್ಯೂಟರಿನಿಂದ ಕಳಚಿದ್ದು, ರ‍್ಯಾಮ್ ಡಿಡಿಆರ್3. ಮುಂದೆ ಇದರ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಯಾವುದನ್ನೂ ಹೊಸ ಕಂಪ್ಯೂಟರಿಗೆ ಕೊಂಡೊಯ್ಯಲಾಗದು. ವಿಂಡೋಸ್ 11 ಇದರ ಮೇಲೆ ನಿಯಮಬದ್ಧವಾಗಿ ಕೂರುವುದಿಲ್ಲ. ಅದಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಟಿಪಿಎಂ 2.0 ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಹಣ ನಿಜವಾಗಿಯೂ 15-20 ಸಾವಿರ ಮಾತ್ರ ಇದೆಯೆಂದಾದರೆ, ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳಲ್ಲಿ ಎಂಟನೇ ತಲೆಮಾರಿನದ್ದನ್ನು ಹುಡುಕಿ. ಗಟ್ಟಿ ಯಂತ್ರಗಳು. ಕೊರತೆ ಒಂದೇ: ಅವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಕನೆಕ್ಟರ್‌ಗಳು ಹೆಚ್ಚಾಗಿ ಆ ಕಂಪನಿಯವೇ, ಹೊರಗಿನ ಸಾಮಾನ್ಯ ಎಸ್‌ಎಂಪಿಎಸ್ ತಂದು ಹಾಕಲಾಗದು.

ಪ್ರಶ್ನೆ: ರ‍್ಯಾಮ್ ಬೆಲೆ ಕೇಳಿ ತಲೆ ತಿರುಗಿತು. ಹೋದ ವರ್ಷ ಅಣ್ಣ ತಂದದ್ದರ ಎರಡು ಪಟ್ಟಿಗೂ ಹೆಚ್ಚು ಹೇಳುತ್ತಿದ್ದಾರೆ. ಕಾಯುವುದೇ? 16 ಜಿಬಿಯ ಒಂದು ತುಂಡು ಒಳ್ಳೆಯದೇ, 8ರ ಎರಡೇ? ಹಳೆ ಲ್ಯಾಪ್‌ಟಾಪಿನ ರ‍್ಯಾಮ್ ಹಾಕಬಹುದೇ?
– ಪಿಯುಸಿ ವಿದ್ಯಾರ್ಥಿ, ಕುಂಬ್ರ

ಉತ್ತರ: ಅಂಗಡಿಯವರನ್ನು ದೂರಬೇಡಿ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಕೊಡುವ ಬೆಲೆ ನೋಡಿ ಅವು ಅತ್ತ ತಿರುಗಿದವು. 2025ರ ಕೊನೆಗೆ ಚಿಲ್ಲರೆ ಮಾರುಕಟ್ಟೆಯ ಬೆಲೆ ಏರಿದ್ದು ಇದರಿಂದ. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ‘ಕ್ರೂಷಿಯಲ್’ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಇಂಥ ಏರಿಕೆ ಬೇಗ ಇಳಿಯುವಂಥದ್ದಲ್ಲ. ಓದಿಗೆ ಕಂಪ್ಯೂಟರ್ ಬೇಕಾಗಿದ್ದರೆ ಕಾಯಬೇಡಿ. ಈಗ ಸಾಕಾಗುವಷ್ಟು ಮಾತ್ರ ಕೊಳ್ಳಿ. ಬೋರ್ಡಿನಲ್ಲಿ ಒಂದು ಸ್ಲಾಟ್ ಖಾಲಿಯಿರಲಿ.

ಒಂದೋ, ಎರಡೋ? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುತ್ತದೆ. ಎರಡು ತುಂಡು ಹಾಕಿದರೆ ಡೇಟಾ ಎರಡು ಹಾದಿಯಲ್ಲಿ ಹರಿಯುತ್ತದೆ. ಆದ್ದರಿಂದ 5600ಜಿಯಂಥ ಪ್ರೊಸೆಸರ್‌ನಲ್ಲಿ ಆಟ, ವಿಡಿಯೊ ಎಡಿಟಿಂಗ್ ಮಾಡುವುದಾದರೆ 8ರ ಎರಡು ಹಾಕಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕೋಡಿಂಗ್, ಟೈಪಿಂಗ್ ಮಾತ್ರವಾದರೆ 16ರ ಒಂದು ಸಾಕು. ಅಷ್ಟಕ್ಕೂ ಹಣವಿಲ್ಲವೇ, ಸದ್ಯ 8ರ ಒಂದೇ ಹಾಕಿ ಶುರು ಮಾಡಿ. ಆದರೆ ಆಂಡ್ರಾಯ್ಡ್ ಸ್ಟುಡಿಯೊ ಕಲಿಯುವವರಿಗೆ 8 ಸಾಲದು.

ಲ್ಯಾಪ್‌ಟಾಪಿನದ್ದು ಗಾತ್ರದಲ್ಲೇ ಚಿಕ್ಕದು, ಕೂರುವುದಿಲ್ಲ. ಡಿಡಿಆರ್4ರ ಜಾಗಕ್ಕೆ ಡಿಡಿಆರ್5 ಕೂಡ ಕೂರದು. ಅಡಿಯ ಕಚ್ಚು ಬೇರೆ ಕಡೆ ಇರುತ್ತದೆ. ಇಂಟರ್‌ನೆಟ್‌ನಲ್ಲಿ ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್ ಮನೆ ಬೋರ್ಡುಗಳಲ್ಲಿ ನಡೆಯುವುದಿಲ್ಲ. ಡೆಸ್ಕ್‌ಟಾಪಿನ ಹಳೆ ಡಿಡಿಆರ್4 ಸಿಕ್ಕಿದರೆ ಧೈರ್ಯವಾಗಿ ತನ್ನಿ. ಸೆಕೆಂಡ್ ಹ್ಯಾಂಡ್ ಭಾಗಗಳಲ್ಲಿ ಅಪಾಯ ಕಡಿಮೆಯಿರುವುದು ರ‍್ಯಾಮಿಗೇ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ವಾಪಸ್ ಕೊಡಿ.

ಪ್ರಶ್ನೆ: ನಮ್ಮಲ್ಲಿ ಸುತ್ತಲಿನ ತೋಟಗಳ ಪಂಪು ಶುರುವಾದ ಕೂಡಲೇ ವೋಲ್ಟೇಜ್ ಇಳಿದು ಬಲ್ಬು ಮಂಕಾಗುತ್ತದೆ. ಮಳೆಗಾಲಕ್ಕೆ ಮೊದಲಿನ ಸಿಡಿಲಿಗೆ ಟಿ.ವಿ., ಮೋಡೆಮ್ ಎರಡೂ ಹೋಗಿವೆ. ಹೊಸ ಕಂಪ್ಯೂಟರಿಗೆ ಮನೆಯ ಇನ್ವರ್ಟರ್ ಸಾಕೇ? ಸ್ಪೈಕ್ ಗಾರ್ಡ್ ಹಾಕಿದರೆ ಸಿಡಿಲಿನ ಭಯವಿಲ್ಲವೇ?
– ಗೃಹಿಣಿ, ಗುತ್ತಿಗಾರು

ಉತ್ತರ: ಅಮ್ಮಾ, ಈ ಕಂತಿನಲ್ಲಿ ಎಲ್ಲರಿಗಿಂತ ಮುಖ್ಯವಾದ ಪ್ರಶ್ನೆ ನಿಮ್ಮದು. ಬೆಂಗಳೂರಿನಲ್ಲಿ ಕುಳಿತು ಬರೆದ ಯಾವ ಪಟ್ಟಿಯೂ ಇದಕ್ಕೆ ಉತ್ತರ ಕೊಡುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ಲೋ ವೋಲ್ಟೇಜ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರವಿರುವ, ಸಾಲಿನ ಕೊನೆಯ ಮನೆಗಳಿಗೆ ಇದು ಹೆಚ್ಚು. ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿ. ಇನ್‌ಪುಟ್ 200–240 ವೋಲ್ಟ್ ಎಂದಿದ್ದರೆ ಅದು ನಿಮಗೆ ಬೇಡ. 100–240 ಎಂದಿರುವುದನ್ನೇ ಕೇಳಿ ತನ್ನಿ. ಅಂಥದ್ದು ವೋಲ್ಟೇಜ್ 160ಕ್ಕೆ ಇಳಿದರೂ ತಾನೇ ಸುಧಾರಿಸಿಕೊಂಡು ನಡೆಯುತ್ತದೆ, ಸ್ಟೆಬಿಲೈಸರ್ ಬೇಡ. ಕೆಲವು ಅಗ್ಗದ ಎಸ್‌ಎಂಪಿಎಸ್‌ಗಳ ಹಿಂದೆ 115/230 ಎಂಬ ಕೆಂಪು ಸ್ವಿಚ್ಚು ಇರುತ್ತದೆ. ವೋಲ್ಟೇಜ್ ಕಡಿಮೆಯೆಂದು ಅದನ್ನು 115ಕ್ಕೆ ತಿರುಗಿಸಿದರೆ, ಪಂಪು ನಿಂತು ವೋಲ್ಟೇಜ್ ಏರಿದ ಕೂಡಲೇ ಸುಟ್ಟುಹೋಗುತ್ತದೆ.

ಎರಡನೆಯದು ಕರೆಂಟ್ ಹೋಗುವುದು. ಕರೆಂಟ್ ತಪ್ಪಿದ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ತನ್ನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ಹಿಡಿದು ನಿಲ್ಲಬೇಕು ಎಂಬುದು ವಿನ್ಯಾಸದ ನಿಯಮ. ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಬದಲಾಗಲು 30-40 ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಫ್ಯಾನ್, ಬಲ್ಬಿಗೆ ಇದು ಗೊತ್ತೂ ಆಗದು. ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್‌ನ ಹಿಂದೆಯೋ ಮುಂದೆಯೋ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ಚಿದೆಯೇ ನೋಡಿ. ಅದನ್ನು ಹಾಕಿದರೆ ಈ ಅಂತರ 10-15ಕ್ಕೆ ಇಳಿಯುತ್ತದೆ, ಹೆಚ್ಚಾಗಿ ಸಾಕಾಗುತ್ತದೆ. ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಆಗಿರಲಿ. ಸ್ಕ್ವೇರ್ ವೇವ್‌ನದ್ದಾದರೆ ಉತ್ತಮ ಎಸ್‌ಎಂಪಿಎಸ್‌ಗಳೇ ಅದರೊಡನೆ ತಕರಾರು ತೆಗೆಯುವುದುಂಟು. ಇನ್ವರ್ಟರ್ ಇಲ್ಲದ ಮನೆಗೆ 600 ವಿಎಯ ಸಣ್ಣ ಯುಪಿಎಸ್ ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್, ಮಾನಿಟರ್ ಸೇರಿ ಸಾಮಾನ್ಯ ಕೆಲಸಕ್ಕೆ ನೂರು ವ್ಯಾಟ್ ದಾಟುವುದು ಅಪರೂಪ. ಫೈಲ್ ಸೇವ್ ಮಾಡಿ ಸರಿಯಾಗಿ ಮುಚ್ಚಲು ಬೇಕಾದಷ್ಟು ಸಮಯ ಸಿಗುತ್ತದೆ. ಯುಪಿಎಸ್‌ನ ಕೆಲಸವೂ ಅಷ್ಟೇ, ಅದರಲ್ಲಿ ಸಿನಿಮಾ ನೋಡುತ್ತ ಕೂರಬೇಡಿ.

ಮೂರನೆಯದು ಸಿಡಿಲು. ಸ್ಪೈಕ್ ಗಾರ್ಡ್ ಒಳಗೆ ವೇರಿಸ್ಟರ್ ಎಂಬ ಸಣ್ಣ ಬಿಲ್ಲೆಯಿರುತ್ತದೆ. ದೂರದ ಸಿಡಿಲಿನಿಂದ ತಂತಿಯಲ್ಲಿ ಬರುವ ಸಣ್ಣ ಹೊಡೆತಗಳನ್ನು ಅದು ಹೀರಿಕೊಳ್ಳುತ್ತದೆ, ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ಹತ್ತಿರದ ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಎಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರ್‌ನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆದಿಡುವುದೇ ಮದ್ದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಗೋಡೆಯಿಂದ ಹೊರಗೆ ಬರಬೇಕು. ಸಿಡಿಲು ತಲೆಯ ಮೇಲೇ ಬಂದಿದ್ದರೆ ಪ್ಲಗ್ ಮುಟ್ಟಲೂ ಹೋಗಬೇಡಿ, ಕಂಪ್ಯೂಟರಿಗಿಂತ ನೀವು ದೊಡ್ಡವರು. ಮೊಬೈಲಿನಲ್ಲಿ ‘ದಾಮಿನಿ’ ಅಥವಾ ನಮ್ಮ ರಾಜ್ಯದ ‘ಸಿಡಿಲು’ ಆ್ಯಪ್ ಹಾಕಿಕೊಂಡರೆ ಸ್ವಲ್ಪ ಮುಂಚೆ ಸೂಚನೆ ಸಿಗುತ್ತದೆ.

ಹೆಚ್ಚಿನವರು ಮರೆಯುವುದು ಇಂಟರ್‌ನೆಟ್ ತಂತಿಯನ್ನು. ಕರೆಂಟಿನ ಪ್ಲಗ್ ತೆಗೆದರೂ ಮೋಡೆಮ್‌ನಿಂದ ಕಂಪ್ಯೂಟರಿಗೆ ಹೋಗುವ ತಾಮ್ರದ ಲ್ಯಾನ್ ತಂತಿಯಲ್ಲಿ ಹೊಡೆತ ಬಂದು ಮದರ್‌ಬೋರ್ಡ್ ಹೋಗುವುದುಂಟು. ಫೈಬರ್ ಗಾಜಿನದ್ದು, ಕರೆಂಟ್ ಹರಿಯದು ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಗಾಜಿನೆಳೆಯ ಜೊತೆಗೆ ಭಾರ ಹೊರಲು ಸಾಮಾನ್ಯವಾಗಿ ಉಕ್ಕಿನ ತಂತಿಯೂ ಇರುತ್ತದೆ; ಮೋಡೆಮ್‌ಗೆ ಕರೆಂಟಿನ ಅಡಾಪ್ಟರ್ ಬೇರೆ ಇದೆ. ಹಾಗಾಗಿ ಲ್ಯಾನ್ ತಂತಿ ಬಿಟ್ಟು ವೈ-ಫೈ ಬಳಸಿ. ತಂತಿಯೇ ಇಲ್ಲದಿದ್ದರೆ ಹೊಡೆತ ಬರುವ ದಾರಿಯೂ ಇಲ್ಲ. ಬೋರ್ಡಿನಲ್ಲಿ ವೈ-ಫೈ ಇಲ್ಲವಾದರೆ ಯುಎಸ್‌ಬಿಯ ಸಣ್ಣ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕೊನೆಯದು ಅರ್ತಿಂಗ್. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ನಿಮ್ಮ ಪ್ಲಗ್ ಪಾಯಿಂಟಿಗೆ ಅರ್ತ್ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸೋರಿಸುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಹೋಗುವ ದಾರಿ ಕಾಣದೆ ಲೋಹದ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ನಮ್ಮ ಮುರಕಲ್ಲಿನ ನೆಲ ಒಣಗಿದಷ್ಟೂ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂದರೆ ಅರ್ತಿಂಗ್ ತೀರ ಸೊರಗಿರುವುದು ಮಾರ್ಚ್‌ನಿಂದ ಮೇವರೆಗೆ, ಸಿಡಿಲು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಇಲೆಕ್ಟ್ರೀಶಿಯನ್ ಕರೆದು ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಎರಡು-ಮೂರು ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, ಹತ್ತಿಪ್ಪತ್ತು ತೋರಿಸಿದರೆ ಅರ್ತ್ ಗುಂಡಿ ಹೊಸದಾಗಿ ಮಾಡಿಸಿ. ಬೇಸಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡಪಾನ ನೀರು ಹೊಯ್ಯಿರಿ.

ಪ್ರಶ್ನೆ: ಆಟ ಆಡಲು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಅಪ್ಪ 50 ಸಾವಿರದಿಂದ ಒಂದು ರೂಪಾಯಿ ಮೇಲೆ ಹೋಗುವುದಿಲ್ಲ. ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ ಉಚಿತವಾಗಿ ಕೊಡುತ್ತಾರಂತೆ. ಅದರಲ್ಲೇ ನಡೆಸಬಹುದಲ್ಲವೇ?
– ಹತ್ತನೇ ತರಗತಿ, ಈಶ್ವರಮಂಗಲ

ಉತ್ತರ: ಆ ಉಚಿತ ಪೆಟ್ಟಿಗೆಯ ಚೀಟಿಯನ್ನೇ ಒಮ್ಮೆ ಓದು ಪುಟ್ಟಾ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗಿನ ಕೋಷ್ಟಕದಲ್ಲಿ +12 ವೋಲ್ಟ್ ಎಂಬ ಸಾಲಿನ ಅಡಿ ಎಷ್ಟು ಆಂಪಿಯರ್ ಎಂದಿರುತ್ತದೆ. ಅಲ್ಲಿ 14 ಎಂದಿದ್ದರೆ 12ರಿಂದ ಗುಣಿಸು: 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬಳಸುವುದು ಈ ಸಾಲಿನ ಶಕ್ತಿಯನ್ನೇ. ನಿಜವಾದ 450 ವ್ಯಾಟ್‌ನದ್ದರಲ್ಲಿ ಅದೇ ಸಾಲಿನಲ್ಲಿ 36ರ ಆಸುಪಾಸು ಇರುತ್ತದೆ. ತೂಗಿ ನೋಡಿದರೂ ಗೊತ್ತಾಗುತ್ತದೆ, ಉಚಿತದ್ದು ಹಗುರ. ಕೆಡುವಾಗ ತಾನೊಂದೇ ಹೋಗದೆ ಬೋರ್ಡನ್ನೂ ಕರೆದುಕೊಂಡು ಹೋಗುವುದು ಇದರ ದೊಡ್ಡ ದೋಷ. 80 ಪ್ಲಸ್ ಬ್ರಾಂಜ್ ಗುರುತು, ಬಿಐಎಸ್ ಚಿಹ್ನೆ ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುವ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿಯ 550 ವ್ಯಾಟ್‌ನದ್ದನ್ನು ಈಗಲೇ ತಗೊ.

ಕಾರ್ಡ್ ಈಗ ಬೇಡ. 50 ಸಾವಿರದಲ್ಲಿ ಕಾರ್ಡನ್ನೂ ತುರುಕಿದರೆ ಉಳಿದದ್ದೆಲ್ಲ ಸೊರಗುತ್ತದೆ. 5600ಜಿ, 8ರ ಎರಡು ರ‍್ಯಾಮ್ ಹಾಕಿದರೆ ಹಳೆಯ ಆಟಗಳು, ವ್ಯಾಲೊರಂಟ್, ಮೈನ್‌ಕ್ರಾಫ್ಟ್‌ನಂಥವು ಚೆನ್ನಾಗಿಯೇ ನಡೆಯುತ್ತವೆ. ಪಿಯುಸಿ ಸೇರುವ ಹೊತ್ತಿಗೆ ಹಣ ಕೂಡಿದರೆ ಕಾರ್ಡ್ ತಂದು ಸಿಕ್ಕಿಸುವುದು ಹತ್ತು ನಿಮಿಷದ ಕೆಲಸ. ಆಗ ಎರಡು ಆಯ್ಕೆ ನೋಡು. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದ್ದು, ಹೆಚ್ಚಿನವಕ್ಕೆ ಬೇರೆ ಕರೆಂಟ್ ತಂತಿಯೂ ಬೇಡ. ಆರ್‌ಎಕ್ಸ್ 6600 ಅದಕ್ಕಿಂತ ಬಲ, 132 ವ್ಯಾಟ್, ಎಂಟು ಪಿನ್ನಿನ ತಂತಿ ಬೇಕು. ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಎರಡಕ್ಕೂ ನಡೆದೀತು. ನಡುವೆ ಹತ್ತನೇ ತರಗತಿಯ ಪರೀಕ್ಷೆ ಬೇರೆ ಇದೆ, ನೆನಪಿರಲಿ.

ಪ್ರಶ್ನೆ: ಕಡಬದಲ್ಲಿ ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಆಮಂತ್ರಣ ಪತ್ರಿಕೆ, ಅರ್ಜಿ, ಆನ್‌ಲೈನ್ ಸೇವೆ ನನ್ನ ಕೆಲಸ. ಹೊಸ ಕಂಪ್ಯೂಟರ್ ಜೋಡಿಸಿದರೆ ವಿಂಡೋಸ್‌ಗೆ ಬೇರೆ ದುಡ್ಡು ಕೊಡಬೇಕೇ? ಲಿನಕ್ಸ್ ಹಾಕಿದರೆ ಕನ್ನಡ ಬರುತ್ತದೆಯೇ?
– ಅಂಗಡಿ ನಡೆಸುವವರು, ಕಡಬ

ಉತ್ತರ: ಬಿಡಿಭಾಗದ ಕಂಪ್ಯೂಟರಿಗೆ ವಿಂಡೋಸ್ ಪರವಾನಗಿ ಬೇರೆಯೇ ಕೊಳ್ಳಬೇಕು. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇನ್ನೂರು-ಮುನ್ನೂರು ರೂಪಾಯಿಗೆ ಸಿಗುವ ‘ಕೀ’ಗಳು ಅಧಿಕೃತವಲ್ಲ. ಜನರ ಆಧಾರ್, ಪಹಣಿ, ಬ್ಯಾಂಕ್ ವಿವರ ದಿನವಿಡೀ ಓಡಾಡುವ ಅಂಗಡಿಯಲ್ಲಿ ಕ್ರ್ಯಾಕ್ ಮಾಡಿದ ತಂತ್ರಾಂಶ ಇರಲೇಬಾರದು.

ಲಿನಕ್ಸ್‌ನಲ್ಲಿ ಕನ್ನಡ ಧಾರಾಳ ಬರುತ್ತದೆ. ನೀವು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕೀಲಿಮಣೆ ವಿನ್ಯಾಸಕ್ಕೆ ಮೂಲ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್. ಆ ಕಗಪ ವಿನ್ಯಾಸ ಲಿನಕ್ಸ್ ಮಿಂಟ್, ಉಬುಂಟುಗಳ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಬೇರೇನೂ ಹಾಕಬೇಕಿಲ್ಲ, ಬೆರಳಿಗೆ ಹೊಸ ಅಭ್ಯಾಸವೂ ಬೇಡ. ತೊಡಕು ಇರುವುದು ಬೇರೆ ಕಡೆ. ಪೇಜ್‌ಮೇಕರ್, ಕೋರೆಲ್ ಡ್ರಾನಲ್ಲಿ ಹಳೆ ನುಡಿ ಫಾಂಟಿನಲ್ಲಿ ಮಾಡಿಟ್ಟ ಆಮಂತ್ರಣಗಳು ಅಲ್ಲಿ ಸರಿಯಾಗಿ ತೆರೆಯುವುದಿಲ್ಲ. ಪ್ರಿಂಟರ್ ಮತ್ತು ಬೆರಳಚ್ಚು ಯಂತ್ರಗಳ ಡ್ರೈವರ್ ಕೂಡ ಎಲ್ಲವಕ್ಕೂ ಸಿಗದು. ನಿಮ್ಮ ಕೆಲಸಕ್ಕೆ ವಿಂಡೋಸ್ 11 ಕೊಳ್ಳುವುದೇ ಸರಿ. ಜಿಎಸ್‌ಟಿ ನೋಂದಣಿಯಿದ್ದರೆ ಬಿಲ್ಲನ್ನು ಅಂಗಡಿಯ ಹೆಸರಿನಲ್ಲೇ ಮಾಡಿಸಿ, ಶೇ 18ರ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಓದುವ ಮಕ್ಕಳಿಗಾದರೆ ಲಿನಕ್ಸ್‌ನಲ್ಲೇ ಶುರು ಮಾಡಿ ಎನ್ನುತ್ತೇನೆ. ಉಳಿದ ಹಣ ರ‍್ಯಾಮಿಗೆ ಹೋಗಲಿ.

ಡಿಟಿಪಿಗೆ ಪ್ರೊಸೆಸರ್‌ಗಿಂತ ಮಾನಿಟರ್ ಮುಖ್ಯ. 24 ಇಂಚಿನ, ಐಪಿಎಸ್ ಫಲಕದ, 1920×1080ರದ್ದು ತನ್ನಿ. ಪಕ್ಕದಿಂದ ನೋಡುವ ಗಿರಾಕಿಗೂ ಬಣ್ಣ ಬದಲಾಗದೆ ಕಾಣುತ್ತದೆ.

ಪ್ರಶ್ನೆ: ಆನ್‌ಲೈನ್ ಅಗ್ಗ, ಬೆಂಗಳೂರಿನ ಎಸ್.ಪಿ. ರೋಡ್ ಇನ್ನೂ ಅಗ್ಗ ಎನ್ನುತ್ತಾರೆ. ಪುತ್ತೂರಿನ ಅಂಗಡಿಯವರು ಸ್ವಲ್ಪ ಹೆಚ್ಚು ಹೇಳುತ್ತಾರೆ. ಎಲ್ಲಿ ಕೊಳ್ಳಲಿ?
– ಶಿಕ್ಷಕರು, ಆಲಂಕಾರು

ಉತ್ತರ: ಕೆಟ್ಟರೆ ಯಾರ ಬಾಗಿಲು ತಟ್ಟಬೇಕು ಎಂಬುದರ ಮೇಲೆ ತೀರ್ಮಾನಿಸಿ ಮೇಷ್ಟ್ರೇ. ಕೆಡುವ ಸಂಭವ ತೀರ ಕಡಿಮೆಯಿರುವ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಯನ್ನು ಎಲ್ಲಿ ಅಗ್ಗವೋ ಅಲ್ಲಿ ತನ್ನಿ. ಮದರ್‌ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್, ಯುಪಿಎಸ್ ಹತ್ತಿರದಲ್ಲೇ ಇರಲಿ. ಐನೂರು ರೂಪಾಯಿ ಉಳಿಸಲು ಹೋಗಿ, ಬೋರ್ಡ್ ಹಿಡಿದು ಶಿರಾಡಿ ಘಾಟಿ ಹತ್ತಿ ಇಳಿದರೆ ಬಸ್ ಚಾರ್ಜಿಗೇ ಅದು ಮುಗಿಯಿತು. ಊರಿನ ಅಂಗಡಿಯವರಲ್ಲಿ ಮುಂಚೆಯೇ ಕೇಳಿ: ವಾರಂಟಿಗೆ ನೀವೇ ಕಳಿಸಿ ತರಿಸುತ್ತೀರಾ, ಅಥವಾ ನಾನೇ ಮಂಗಳೂರಿಗೆ ಹೋಗಬೇಕಾ? ‘ನಾವೇ ನೋಡಿಕೊಳ್ಳುತ್ತೇವೆ’ ಎಂದವರಿಗೆ ಆ ಸ್ವಲ್ಪ ಹೆಚ್ಚು ಕೊಡುವುದು ನ್ಯಾಯ.

ಪ್ರೊಸೆಸರ್ ಡಬ್ಬಿಯಲ್ಲಿ ಬಂದದ್ದೇ, ಟ್ರೇಯಲ್ಲಿ ಬಂದದ್ದೇ ಕೇಳಿ. ಡಬ್ಬಿಯದ್ದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ, ಜೊತೆಗೆ ಫ್ಯಾನೂ ಬರುತ್ತದೆ. ಟ್ರೇಯದ್ದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ಲು ನಮ್ಮ ಒಂದು ಮಳೆಗಾಲಕ್ಕೆ ಬಿಳಿಚಿಕೊಂಡು ಖಾಲಿ ಕಾಗದವಾಗುತ್ತದೆ. ಖಾಲಿ ಡಬ್ಬಗಳನ್ನು ಒಂದು ವರ್ಷವಾದರೂ ಅಟ್ಟದಲ್ಲಿಡಿ.

ಪ್ರಶ್ನೆ: ಎಲ್ಲ ಭಾಗ ತಂದಾಗಿದೆ. ಜೋಡಿಸಲು ಕೈ ನಡುಗುತ್ತದೆ. ಮೈಯ ಸ್ಥಾಯಿ ವಿದ್ಯುತ್ತಿನಿಂದ ಬೋರ್ಡ್ ಹೋಗುತ್ತದಂತೆ, ಹೌದೇ? ಆನ್ ಮಾಡಿ ಏನೂ ಬರದಿದ್ದರೆ?
– ಡಿಪ್ಲೊಮಾ ವಿದ್ಯಾರ್ಥಿನಿ, ಅರಂತೋಡು

ಉತ್ತರ: ಸ್ಥಾಯಿ ವಿದ್ಯುತ್ತಿನ ಕಾಟ ಒಣಹವೆಯ ಊರಲ್ಲಿ ಹೆಚ್ಚು. ನಮ್ಮ ಜೂನ್-ಜುಲೈಯಲ್ಲಿ ಬಟ್ಟೆಯೇ ಒಣಗದಿರುವಾಗ ಅದರ ಭಯ ಅಷ್ಟಿಲ್ಲ. ಆದರೂ ಕೆಲಸಕ್ಕೆ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಸಾಕೆಟ್ಟಿನ ಪಿನ್ನುಗಳಿಗೆ. ಇಂಟೆಲ್ ಮತ್ತು ಎಎಂಡಿಯ ಹೊಸ ಎಎಂ5 ಬೋರ್ಡುಗಳಲ್ಲಿ ಕೂದಲಿನಂಥ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ. ಬೆರಳು ತಾಗಿ ಒಂದು ಬಾಗಿದರೂ ವಾರಂಟಿ ಹೋಯಿತು. ತ್ರಿಕೋನದ ಗುರುತು ನೋಡಿ ಪ್ರೊಸೆಸರನ್ನು ಇಟ್ಟು ಬಿಡಿ, ಒತ್ತಬೇಡಿ; ಒತ್ತುವ ಕೆಲಸ ಲಿವರ್‌ನದ್ದು. ರ‍್ಯಾಮಿಗೆ ಮಾತ್ರ ಧೈರ್ಯವಾಗಿ ಒತ್ತಬೇಕು, ‘ಟಕ್’ ಎಂದ ಮೇಲೆ ಬಿಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ತುಂಡನ್ನು ಪ್ರೊಸೆಸರ್ ಕಡೆಯಿಂದ ಎರಡು ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಕ್ಯಾಬಿನೆಟ್ಟಿಗೆ ಬೋರ್ಡ್ ಕೂರಿಸುವ ಮೊದಲು, ಬೋರ್ಡಿನ ರಟ್ಟಿನ ಡಬ್ಬದ ಮೇಲೆಯೇ ಫ್ಯಾನ್, ರ‍್ಯಾಮ್, ಎಸ್‌ಎಂಪಿಎಸ್ ಜೋಡಿಸಿ ಒಮ್ಮೆ ಆನ್ ಮಾಡಿ ನೋಡಿ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಈ ಕ್ರಮದಲ್ಲಿ ಪರೀಕ್ಷಿಸಿ. ಪ್ರೊಸೆಸರ್ ಹತ್ತಿರದ ಎಂಟು ಪಿನ್ನಿನ ತಂತಿ ಹಾಕಿದ್ದೀರಾ? ಇಪ್ಪತ್ತನಾಲ್ಕು ಪಿನ್ನಿನದ್ದು ಹಾಕಿ ಇದನ್ನು ಮರೆಯುವವರೇ ಹೆಚ್ಚು. ರ‍್ಯಾಮ್ ತೆಗೆದು ಒಂದನ್ನೇ ಹಾಕಿ ನೋಡಿ. ಪ್ರೊಸೆಸರಿಗಿಂತ ಬೋರ್ಡ್ ಹಳೆಯದಾಗಿದ್ದರೆ ಬಯಾಸ್ ಹೊಸದು ಬೇಕಾಗಬಹುದು, ಕೊಂಡ ಅಂಗಡಿಯಲ್ಲೇ ಮಾಡಿಸಿ. ಹೊಸ ಡಿಡಿಆರ್5 ಮೊದಲ ಸಲ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅವಸರದಲ್ಲಿ ಆಫ್ ಮಾಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಬೂಷ್ಟು, ಉಳಿದಂತೆ ಇರುವೆ, ಹಲ್ಲಿ. ಕಂಪ್ಯೂಟರನ್ನು ಪ್ಲಾಸ್ಟಿಕ್ ಕವರ್ ಹೊದಿಸಿ ಇಟ್ಟರೆ ಸಾಕೇ?
– ಓದುಗರು, ಸುಬ್ರಹ್ಮಣ್ಯ

ಉತ್ತರ: ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿಯ ಬಟ್ಟೆ ಸಾಕು, ಓಡುವಾಗ ಅದನ್ನೂ ತೆಗೆಯಿರಿ. ಬಳಕೆಯಿಲ್ಲದಿದ್ದರೂ ಸಿಡಿಲಿಲ್ಲದ ಹೊತ್ತು ನೋಡಿ ದಿನಕ್ಕೆ ಒಂದು ಗಂಟೆ ಆನ್ ಮಾಡಿಡಿ. ಒಳಗಿನ ಬಿಸಿಗೆ ತೇವ ಆರುತ್ತದೆ. ನೆಲದ ಮೇಲಿಡಬೇಡಿ, ಗೋಡೆಗೆ ಒತ್ತಿಸಬೇಡಿ. ಕ್ಯಾಬಿನೆಟ್ ಕೊಳ್ಳುವಾಗ ಗಾಜಿನ ಅಂದಕ್ಕಿಂತ ಮುಂದೆ ಬಲೆ, ತೆಗೆದು ತೊಳೆಯುವ ಧೂಳು ಜಾಲರಿ ಇದೆಯೇ ನೋಡಿ. ಖಾಲಿ ಪೋರ್ಟುಗಳಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟುವುದುಂಟು. ರಬ್ಬರ್ ಮುಚ್ಚಳ ಸಿಗುತ್ತದೆ, ಹಾಕಿ.

*ಮುಂದಿನ ಕಂತಿಗೆ ಬರೆಯುವವರು ನಾಲ್ಕು ವಿಷಯ ತಪ್ಪದೆ ತಿಳಿಸಿ: ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಏನು, ಒಟ್ಟು ಹಣ ಎಷ್ಟು, ಮನೆಯಲ್ಲಿ ಮಾನಿಟರ್ ಅಥವಾ ಇನ್ವರ್ಟರ್ ಈಗಾಗಲೇ ಇದೆಯೇ, ಸಂಜೆ ಏಳರ ಹೊತ್ತಿಗೆ ಪ್ಲಗ್ಗಿನಲ್ಲಿ ವೋಲ್ಟೇಜ್ ಎಷ್ಟು. ಕೊನೆಯದನ್ನು ಬರೆಯದವರಿಗೆ ಎಸ್‌ಎಂಪಿಎಸ್ ಬಗ್ಗೆ ಸರಿಯಾದ ಉತ್ತರ ಕೊಡಲಾಗದು.*